ಮಕ್ಕಳ ಸ್ಕೂಲ್ ಫೋಟೋಗಳನ್ನು ಕತ್ತರಿಸಿ ಅಂಟಿಸಬಹುದಾ?

ಪ್ರಶ್ನೆ: ಮಗಳ ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗಿನ ಸ್ಕೂಲ್ ಫೋಟೋಗಳು ಕವರ್‌ನಲ್ಲಿ ಹಾಗೇ ಇವೆ. ಸ್ಕ್ರಾಪ್‌ಬುಕ್ ಮಾಡೋಣ ಅಂತಿದ್ದೇನೆ. ಆದರೆ ಎಲ್ಲಾ ಒಂದೇ ಥರ, ಅದೇ ಭಂಗಿ, ಅದೇ ಹಿನ್ನೆಲೆ. ಬೇರೆ ಬೇರೆ ಆಕಾರಕ್ಕೆ ಕತ್ತರಿಸಿ ಅಂಟಿಸಿದರೆ ಚೆನ್ನಾಗಿರುತ್ತದೆಯಾ?

ಕತ್ತರಿಸಬೇಡಿ. ಅಂಟಿಸಲೂ ಬೇಡಿ.

ಒಂದೇ ಥರ ಇರುವುದೇ ಈ ಫೋಟೋಗಳ ಬೆಲೆ. ಮೊಬೈಲ್‌ನಲ್ಲಿ ನಾವು ತೆಗೆಯುವ ಫೋಟೋಗಳಲ್ಲಿ ಬೆಳಕು, ದೂರ, ಜಾಗ ಎಲ್ಲಾ ಬದಲಾಗುತ್ತಲೇ ಇರುತ್ತವೆ. ಸ್ಕೂಲ್ ಫೋಟೋದಲ್ಲಿ ಬದಲಾಗುವುದು ಮಗು ಮಾತ್ರ. ಒಂದು ವರ್ಷ ಮುಂದಿನ ಹಾಲುಹಲ್ಲು ಇಲ್ಲ, ಮುಂದಿನ ವರ್ಷ ಆ ಜಾಗದಲ್ಲಿ ಮುಖಕ್ಕಿಂತ ದೊಡ್ಡದಾಗಿ ಕಾಣುವ ಹಲ್ಲು, ಆಮೇಲೆ ಕೆನ್ನೆ ಇಳಿದು ಗದ್ದ ಚೂಪಾಗುತ್ತದೆ, ಇನ್ನೆರಡು ವರ್ಷಕ್ಕೆ ಬಾಯಿ ಮುಚ್ಚಿ ನಗುವುದನ್ನು ಕಲಿತಿರುತ್ತಾಳೆ. ಒಂದನ್ನು ಹೃದಯದ ಆಕಾರಕ್ಕೆ, ಇನ್ನೊಂದನ್ನು ನಕ್ಷತ್ರಕ್ಕೆ ಕತ್ತರಿಸಿದರೆ ಇದೆಲ್ಲ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಎಲ್ಲಾ ಪುಟದಲ್ಲೂ ಫೋಟೋ ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿ ಇರಲಿ. ಕಣ್ಣುಗಳು ಒಂದೇ ಎತ್ತರಕ್ಕೆ ಬಂದರೆ ಇನ್ನೂ ಒಳ್ಳೆಯದು. ಬಣ್ಣದ ಕಾಗದ, ರಿಬ್ಬನ್, ಅಲಂಕಾರ ಎಲ್ಲಾ ಎದುರಿನ ಪುಟಕ್ಕೆ.

ಅಳತೆ ಸರಿ ಮಾಡಲು ಮೊದಲು ಸ್ಕ್ಯಾನ್ ಮಾಡಿಕೊಳ್ಳಿ. 2.5×3.5 ಇಂಚಿನ ಚಿಕ್ಕ ಫೋಟೋವನ್ನು 600 ಡಿಪಿಐನಲ್ಲಿ (ಅಂದರೆ ಒಂದು ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದರೆ, 300 ಡಿಪಿಐ ಲೆಕ್ಕದಲ್ಲಿ 5×7 ಇಂಚಿಗೆ ಪ್ರಿಂಟ್ ತೆಗೆಯಬಹುದು. ಕತ್ತರಿ ಆಡಿಸಲೇಬೇಕು ಅನಿಸಿದರೆ ಆ ಪ್ರತಿಯ ಮೇಲೆ ಆಡಿಸಿ, ಮೂಲ ಫೋಟೋ ಹಾಗೇ ಇರಲಿ.

ಈಗ ಅಂಟಿನ ವಿಷಯ. ಗೋಂದು, ಸೆಲ್ಲೋಟೇಪ್ ಎರಡೂ ಬೇಡ. ಕಾಲ ಕಳೆದಂತೆ ಟೇಪಿನ ಅಂಟು ಹಳದಿಯಾಗಿ ಫೋಟೋಗೆ ಕಲೆ ಬೀಳುತ್ತದೆ, ಕೀಳಲು ಹೋದರೆ ಹರಿಯುತ್ತದೆ. ಫೋಟೋದ ನಾಲ್ಕು ಮೂಲೆ ಸಿಕ್ಕಿಸುವ ಕಾರ್ನರ್‌ಗಳು ಸಿಗುತ್ತವೆ, ಅವು ಸಾಕು. ಕಾಗದ ಆಸಿಡ್ ಇಲ್ಲದ್ದು, ಲಿಗ್ನಿನ್ (ಕಾಗದವನ್ನು ಹಳದಿಯಾಗಿಸುವ ಮರದ ಅಂಶ) ಇಲ್ಲದ್ದು ಇರಬೇಕು. ಪ್ಯಾಟ್ (ಫೋಟೋಗ್ರಾಫಿಕ್ ಆಕ್ಟಿವಿಟಿ ಟೆಸ್ಟ್) ಅಥವಾ ಅದರದೇ ಮಾನದಂಡವಾದ ಐಎಸ್‌ಒ 18916 ಪರೀಕ್ಷೆ ಪಾಸಾಗಿದೆ ಅಂತ ಬರೆದಿದ್ದರೆ ಇನ್ನೂ ನಂಬಬಹುದು, ಆ ಪರೀಕ್ಷೆ ಇರುವುದೇ ಆ ವಸ್ತು ಫೋಟೋವನ್ನು ಕೆಡಿಸುತ್ತದಾ ಅಂತ ನೋಡಲು. ಪ್ಲಾಸ್ಟಿಕ್ ಕವರ್ ಬೇಕಿದ್ದರೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ತಗೊಳ್ಳಿ. ಪಿವಿಸಿ ಬೇಡವೇ ಬೇಡ, ಅದು ಹಳೆಯದಾಗುತ್ತಾ ಆಮ್ಲ ಬಿಡುತ್ತದೆ, ಕೆಲವೊಮ್ಮೆ ಫೋಟೋಗೇ ಕಚ್ಚಿಕೊಳ್ಳುತ್ತದೆ. ಪುಟಕ್ಕೆ ಅಂಟು ಬಳಿದು ಮೇಲೆ ಪ್ಲಾಸ್ಟಿಕ್ ಹಾಳೆ ಇರುತ್ತಿದ್ದ ಹಳೆಯ ಆಲ್ಬಮ್‌ಗಳಲ್ಲಿ ನಿಮ್ಮದೇ ಸ್ಕೂಲ್ ಫೋಟೋ ಇದ್ದರೆ ಜೋರಾಗಿ ಎಳೆಯಬೇಡಿ. ಹಲ್ಲಿನ ಸಂದಿ ಕ್ಲೀನ್ ಮಾಡುವ ಫ್ಲಾಸ್ ದಾರವನ್ನು ಫೋಟೋದ ಹಿಂದೆ ತೂರಿಸಿ ನಿಧಾನವಾಗಿ ಆಚೀಚೆ ಎಳೆದು ಬಿಡಿಸಿ. ಅದಕ್ಕೂ ಮೊದಲು ಇದ್ದಲ್ಲೇ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಎದುರಿನ ಪುಟದಲ್ಲಿ ಏನು ಬರೆಯುವುದು? ಕ್ಲಾಸು, ವರ್ಷ, ಟೀಚರ್ ಹೆಸರು ಸರಿ. ಆದರೆ ನನಗೆ ಜಾಸ್ತಿ ಇಷ್ಟವಾಗುವುದು ಮಗು ತನ್ನ ಕೈಯಾರೆ ಬರೆದ ಎರಡು ಸಾಲು. ಆ ವರ್ಷದ ಬೆಸ್ಟ್ ಫ್ರೆಂಡ್ ಯಾರು, ಯಾವ ಪಾಠ ಕಷ್ಟ, ಯಾವುದಕ್ಕೆ ಹೆದರಿಕೆ, ಏನಾದರೂ ಆಗಬಹುದು. ಏಳು ವರ್ಷಗಳ ಮುಖಗಳ ಪಕ್ಕದಲ್ಲಿ ಏಳು ವರ್ಷಗಳ ಅಕ್ಷರವೂ ಬೆಳೆಯುತ್ತಾ ಹೋಗುತ್ತದೆ. ಹಳೆಯ ನೋಟ್‌ಬುಕ್ ಇದ್ದರೆ ಆಯಾ ವರ್ಷದ ಒಂದು ಹಾಳೆ ಹುಡುಕಿ, ಅದರ ಜೆರಾಕ್ಸ್ ಹಾಕಿ. ಕ್ಲಾಸಿನ ಗ್ರೂಪ್ ಫೋಟೋ ಇದ್ದರೆ ಈಗಲೇ ಮಗಳನ್ನು ಕೂರಿಸಿಕೊಂಡು ಸಾಲು ಸಾಲಾಗಿ, ಎಡದಿಂದ ಬಲಕ್ಕೆ ಎಲ್ಲರ ಹೆಸರು ಬರೆಸಿ. ಇದನ್ನು ಮಾತ್ರ ಮುಂದೂಡಬೇಡಿ, ಮಕ್ಕಳು ಬೇಗ ಮರೆಯುತ್ತಾರೆ.

ಫೋಟೋದ ಹಿಂಭಾಗಕ್ಕೆ ಬಾಲ್‌ಪೆನ್ ತಾಗಿಸಬೇಡಿ, ಒತ್ತಿದ ಗುರುತು ಮುಂದೆ ಮುಖದ ಮೇಲೆ ಕಾಣುತ್ತದೆ. ಬರೆಯುವುದನ್ನೆಲ್ಲ ಪುಟದ ಮೇಲೇ ಬರೆಯಿರಿ.

ಯಾವುದಾದರೂ ವರ್ಷದ ಫೋಟೋ ಕಳೆದಿದ್ದರೆ ಪುಟ ಬಿಟ್ಟುಬಿಡಬೇಡಿ. ಗ್ರೂಪ್ ಫೋಟೋ ಸ್ಕ್ಯಾನ್ ಮಾಡಿ ಅವಳ ಮುಖದಷ್ಟು ಭಾಗ ತೆಗೆದು ಹಾಕಿ. ಸ್ವಲ್ಪ ಮಸುಕಾಗಿದ್ದರೂ ಪರವಾಗಿಲ್ಲ, ಆ ವರ್ಷ ಅಲ್ಲಿರುತ್ತದೆ ಅಲ್ವಾ.