ಕುದಿನೀರು ಕುಡಿದ ಹಿಟ್ಟು

ಕ್ಯೋಟೋದ ಗಲ್ಲಿಯೊಂದರ ಬೇಕರಿ. ಬಾಗಿಲ ಮುಂದೆ ಎರಡು ಸೈಕಲ್ ನಿಲ್ಲಿಸಿದರೆ ಅಂಗಡಿಯೇ ಮರೆಯಾಗುವಷ್ಟು ಚಿಕ್ಕದು. ತಟ್ಟೆ, ಇಕ್ಕಳ ಹಿಡಿದು ಬೇಕಾದದ್ದನ್ನು ನಾವೇ ಆರಿಸಿಕೊಳ್ಳಬೇಕು. ಚೌಕನೆಯ ಬಿಳಿ ಬ್ರೆಡ್ಡು, ಅಂದರೆ ಶೊಕುಪಾನ್, ಆಗಷ್ಟೇ ಓವನ್ನಿನಿಂದ ಇಳಿದಿತ್ತು. ಕೊಯ್ದು ಕೊಡಿ ಎಂದು ಸನ್ನೆ ಮಾಡಿದೆ. ಅಂಗಡಿಯಾಕೆ ಆಗದು ಎಂದು ತಲೆಯಾಡಿಸಿ ಗಡಿಯಾರ ತೋರಿಸಿದರು. ಆರಿದ ಮೇಲೆ ಬಂದ ಪ್ರಶ್ನೆ: ಎಷ್ಟು ಹೋಳು? ಅಲ್ಲಿ ದಪ್ಪವನ್ನು ಹೇಳುವುದೇ ಹಾಗೆ. ಟೋಕಿಯೋ ಕಡೆ ತೆಳ್ಳಗಿನ 6, 8. ಕ್ಯೋಟೋ, ಒಸಾಕಾದವರಿಗೆ ದಪ್ಪನೆಯ 4, 5.

"ಇಷ್ಟು ಮೆತ್ತಗಿದೆ ಅಂದ್ರೆ ಏನೋ ಕೆಮಿಕಲ್ ಹಾಕಿರ್ತಾರೆ" ಅಂದ ಜೊತೆಗಿದ್ದ ಗೆಳೆಯ. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿ. ಹಾಕಿರುತ್ತಾರಪ್ಪ, ಅದರ ಹೆಸರು ಕುದಿನೀರು!

ಜಪಾನಿನಲ್ಲಿ ಇದಕ್ಕೆ ಯುದಾನೆ ಎನ್ನುತ್ತಾರೆ. ಗೋಧಿಹಿಟ್ಟಿನ ಒಂದು ಪಾಲಿಗೆ ಕುದಿನೀರು ಹುಯ್ದು ಕಲಸಿ, ರಾತ್ರಿಯಿಡೀ ತಣ್ಣಗಿಟ್ಟು, ಮರುದಿನ ಉಳಿದ ಹಿಟ್ಟಿಗೆ ಸೇರಿಸುವುದು. ಅಕ್ಕಿರೊಟ್ಟಿಗೆ ಹಿಟ್ಟು ಉಕ್ಕರಿಸುವ ಮನೆಗಳಲ್ಲಿ ಇದನ್ನು ವಿವರಿಸಬೇಕಿಲ್ಲ. ತಣ್ಣೀರಲ್ಲಿ ಪಿಷ್ಟದ ಕಣ ಸುಮ್ಮನೆ ತಳಕ್ಕೆ ಕೂರುತ್ತದೆ, ಗಂಟು ಬಿಚ್ಚದ ಬಟ್ಟೆಮೂಟೆಯ ಹಾಗೆ. 60 ಡಿಗ್ರಿ ದಾಟಿತೋ, ಗಂಟು ಸಡಿಲ: ನೀರು ಒಳನುಗ್ಗುತ್ತದೆ, ಕಣ ನೆನೆದ ಸಬ್ಬಕ್ಕಿಯಂತೆ ಉಬ್ಬುತ್ತದೆ, ಉದ್ದನೆಯ ಎಳೆಗಳು ಹೊರಗೆ ಚಾಚಿ ಒಂದಕ್ಕೊಂದು ತೊಡರಿಕೊಳ್ಳುತ್ತವೆ. ತೆಳ್ಳಗಿನ ಅಂಬಲಿ ಒಲೆಯ ಮೇಲೆ ಇದ್ದಕ್ಕಿದ್ದಂತೆ ಮಂದವಾಗುವ ಕ್ಷಣ ಇದೇ. ಹೀಗೆ ನೀರು ಹಿಡಿದಿಟ್ಟುಕೊಂಡ ಪಿಷ್ಟ ಓವನ್ನಿನ ಕಾವಿನಲ್ಲೂ ಅದನ್ನು ಸುಲಭಕ್ಕೆ ಬಿಟ್ಟುಕೊಡದು. ಮೆತ್ತಗೆ, ಅಗಿಯಲು ಹಿತವಾಗಿರುವ ಆ ಹದಕ್ಕೆ ಜಪಾನೀಯರು 'ಮೋಚಿಮೋಚಿ' ಎನ್ನುತ್ತಾರೆ.

ಬ್ರೆಡ್ಡಿಗೆ ಅಲ್ಲಿ 'ಪಾನ್' ಎಂಬ ಹೆಸರು ಕೊಟ್ಟವರು 16ನೇ ಶತಮಾನದ ಪೋರ್ಚುಗೀಸರು. ನಮ್ಮ ಪಾವ್‌ಭಾಜಿಯ ಪಾವ್ ಕೂಡ ಅದೇ ಮಾತಿನ ಮಗು. ಆದರೂ ಅದು ಪರದೇಶದ ತಿಂಡಿಯಾಗಿಯೇ ಉಳಿದಿತ್ತು. 1874ರಲ್ಲಿ ಕಿಮುರಾ ಯಾಸುಬೇ ಎಂಬ ಮಾಜಿ ಸಮುರಾಯಿ ಅಕ್ಕಿ ಮತ್ತು ಕೋಜಿ ಬೂಷ್ಟಿನ ಹುದುಗಿನಿಂದ ಬನ್ ಉಬ್ಬಿಸಿ, ಒಳಗೆ ಕೆಂಪು ಅಲಸಂದೆಯಂಥ ಕಾಳಿನ ಸಿಹಿ ಹೂರಣ ತುಂಬಿದ. ಅದೇ ಅನ್‌ಪಾನ್, ಹೆಚ್ಚೂಕಡಿಮೆ ಉಬ್ಬಿದ ಹೋಳಿಗೆ! ಮರುವರ್ಷ ಏಪ್ರಿಲ್ 4ರಂದು ಉಪ್ಪಲ್ಲಿಟ್ಟ ಚೆರ್ರಿ ಹೂವು ಒತ್ತಿದ ಅನ್‌ಪಾನ್ ಮೇಜಿ ಚಕ್ರವರ್ತಿಯ ತಟ್ಟೆಗೂ ಬಂತು.

ಇರಲಿ, ಗಡಿಯಾರಕ್ಕೆ ಬರೋಣ. ಬ್ರೆಡ್ಡು ಆರುವಾಗ ಪಿಷ್ಟದ ನೇರ ಎಳೆಗಳು, ಅಂದರೆ ಅಮೈಲೋಸ್, ಕೆಲವೇ ಗಂಟೆಗಳಲ್ಲಿ ಸಾಲುಗಟ್ಟಿ ಬಿಗಿಯುತ್ತವೆ. ಅದಕ್ಕೆ ಮೊದಲೇ ಚಾಕು ಹಾಕಿದರೆ ಒಳಗಿನದು ಮುದ್ದೆ. ಕವಲೊಡೆದ ಎಳೆಗಳು, ಅಮೈಲೋಪೆಕ್ಟಿನ್, ಸೋಮಾರಿಗಳು. ಅವು ಬಿಗಿಯಲು ದಿನಗಳೇ ಬೇಕು. ಬ್ರೆಡ್ಡು ಹಳತಾಗಿ ಗಟ್ಟಿಯಾಗುವುದು ಅಂದರೆ ಬಹುಮಟ್ಟಿಗೆ ಇದೇ, ಬರೀ ಒಣಗುವುದಲ್ಲ. 1852ರಲ್ಲೇ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬೂಸಾಂಗೋ ನೀರಿನಂಶ ಆರದಂತೆ ಮುಚ್ಚಿಟ್ಟ ಬ್ರೆಡ್ಡೂ ಗಟ್ಟಿಯಾಗುವುದನ್ನು, ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುವುದನ್ನು ತೋರಿಸಿದ್ದ. ಈ ಬಿಗಿತ ಅತಿ ವೇಗವಾಗಿ ನಡೆಯುವುದು ಎಲ್ಲಿ ಗೊತ್ತೇ? ಫ್ರಿಜ್ಜಿನ 4 ಡಿಗ್ರಿಯ ಆಸುಪಾಸಿನಲ್ಲಿ. ಫ್ರೀಜರ್ ವಾಸಿ, ಅಲ್ಲಿ ಎಳೆಗಳು ಅಲುಗಾಡುವಂತೆಯೇ ಇಲ್ಲ.

ಇಷ್ಟೆಲ್ಲ ದಾರಿಯುದ್ದಕ್ಕೂ ಹೇಳಿದ್ದೆ. ಆದರೂ ಗೆಳೆಯ ರಾತ್ರಿ ಆ ನಾಲ್ಕು ಹೋಳುಗಳನ್ನು "ಫ್ರೆಶ್ ಆಗಿರಲಿ" ಎಂದು ಹೋಟೆಲಿನ ಫ್ರಿಜ್ಜಿಗೆ ತಳ್ಳಿದ. ಬೆಳಿಗ್ಗೆ ಒತ್ತಿ ನೋಡಿದರೆ ರಟ್ಟು. ತಿಂಡಿಯ ಕೋಣೆಯಲ್ಲಿದ್ದ ಟೋಸ್ಟರಿಗೆ ಇಳಿಸಿ ಕಾದೆ. ಮೇಲೆ ಗರಿಗರಿ, ಒಳಗೆ ಮತ್ತೆ ಅದೇ ಮೋಚಿಮೋಚಿ. ನಾನು ಚಹಾ ತರುವಷ್ಟರಲ್ಲಿ ಕೆಮಿಕಲ್ ಅಂದವನೇ ಮೂರು ಹೋಳು ಮುಗಿಸಿದ್ದ.