ನೌಕೆ ಅಲುಗಿದರೆ ಅಲುಗಲಿ
ಹಲವು ಬಾಹ್ಯಾಕಾಶ ನೌಕೆಗಳು ಜೊತೆಯಾಗಿ ಹಾರುತ್ತಾ ಒಂದೇ ದೂರದರ್ಶಕವಾಗಿ ಕೆಲಸ ಮಾಡಬಲ್ಲವು ಎಂದೊಡನೆ ಸಭೆಯಲ್ಲಿ ಒಬ್ಬರಾದರೂ ಎದ್ದು ನಿಲ್ಲುತ್ತಾರೆ: ‘ನೌಕೆಗಳನ್ನು ಒಂದು ನ್ಯಾನೋಮೀಟರ್ ಕೂಡ ಕದಲದಂತೆ ನಿಲ್ಲಿಸಲು ಆದೀತೇ?’ ಆಗದು. ಹಾಗೆ ನಿಲ್ಲಿಸಿ ಎಂದು ಯಾರೂ ಕೇಳಿಯೂ ಇಲ್ಲ. ಎಂಜಿನಿಯರಿಂಗ್ ಓದಿದವರೇ ಈ ಒಂದು ಕಾರಣಕ್ಕೆ ಇಡೀ ಯೋಜನೆಯನ್ನು ಹಗಲುಗನಸೆಂದು ತಳ್ಳಿಹಾಕುವಾಗ ನನಗೆ ತಾಳ್ಮೆ ಉಳಿಯುವುದಿಲ್ಲ.

ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳನ್ನು ನೋಡಲು ಯುರೋಪಿನ ವಿಜ್ಞಾನಿಗಳು ಮುಂದಿಟ್ಟಿರುವ ‘ಲೈಫ್’ ಪ್ರಸ್ತಾವದಲ್ಲಿ ಬೆಳಕು ಹಿಡಿಯಲು ನಾಲ್ಕು ನೌಕೆಗಳು, ಅದನ್ನು ಕೂಡಿಸಲು ಐದನೆಯದು. ಒಂದು ನೌಕೆಯಿಂದ ಬಂದ ಬೆಳಕಿನ ಅಲೆಯ ಏರಿನ ಮೇಲೆ ಇನ್ನೊಂದರದರ ಇಳಿವು ಬೀಳುವಂತೆ ಮಾಡಿ ನಕ್ಷತ್ರದ ಬೆಳಕನ್ನು ಅಳಿಸಿದರೆ ಗ್ರಹದ ಮಂದ ಅವಗೆಂಪು ಬೆಳಕು ಉಳಿಯುತ್ತದೆ. ಖಗೋಳ ವಿಜ್ಞಾನಿ ಬ್ರೇಸ್‌ವೆಲ್ 1978ರಲ್ಲೇ ಸೂಚಿಸಿದ್ದ ಉಪಾಯವಿದು. 10 ಮೈಕ್ರೋಮೀಟರ್ ಅಲೆಯುದ್ದದಲ್ಲಿ ಸೂರ್ಯ ಭೂಮಿಗಿಂತ ಸುಮಾರು ಒಂದು ಕೋಟಿ ಪಟ್ಟು ಪ್ರಖರ. ಅಳಿಸುವ ಕೆಲಸದಲ್ಲಿ ನ್ಯಾನೋಮೀಟರ್ ಲೆಕ್ಕ ಬರುವುದು ಅದಕ್ಕೇ.

ಆದರೆ ಆ ಲೆಕ್ಕ ಬೆಳಕು ನಡೆದು ಬಂದ ಹಾದಿಯದು. ನೌಕೆ ಸೆಂಟಿಮೀಟರಿನಷ್ಟು ಆಚೀಚೆ ಸರಿದರೂ ನಡೆದೀತು. ಎಷ್ಟು ಸರಿಯಿತೆಂದು ಲೇಸರ್ ಅಳೆಯುತ್ತದೆ, ಒಳಗಿನ ಕನ್ನಡಿ ಸರಿದು ಅದನ್ನು ತೂಗಿಸುತ್ತದೆ. ಒಂದು ಹಾದಿ ಒಂದು ಸೆಂಟಿಮೀಟರ್ ಉದ್ದವಾಯಿತೇ? ಇನ್ನೊಂದು ಹಾದಿಯ ಕನ್ನಡಿ ಅರ್ಧ ಸೆಂಟಿಮೀಟರ್ ಹಿಂದೆ ಸರಿದರೆ ಸಾಕು, ಬೆಳಕು ಅಲ್ಲಿ ಹೋಗಿ ಬರುತ್ತದಲ್ಲ. ಉಳಿದ ಸೂಕ್ಷ್ಮ ತಿದ್ದುಪಡಿಗೆ, ವೋಲ್ಟೇಜಿಗೆ ತಕ್ಕಂತೆ ಹಿಗ್ಗಿ ಕುಗ್ಗುವ ಪೀಜೋ ಹರಳಿನ ಮೇಲೆ ಕೂರಿಸಿದ ಪುಟ್ಟ ಕನ್ನಡಿಯಿದೆ. ನೌಕೆ ಕನ್ನಡಿಗೆ ನಿಲುಕದ ವೇಗದಲ್ಲಿ ಸರಿಯಬಾರದು, ನಡುಗಬಾರದು. ನಮ್ಮ ತಲೆನೋವು ಅಷ್ಟೇ.

ಪ್ರಯೋಗಾಲಯದಲ್ಲಿ ಮೇಜಿನ ಪಕ್ಕ ಯಾರಾದರೂ ನಡೆದರೆ, ಎರಡು ಹಾದಿಯ ಬೆಳಕು ಕೂಡಿದಾಗ ಮೂಡುವ ಬೆಳಕು-ಕತ್ತಲೆಯ ಪಟ್ಟಿಗಳು ತತ್ತರಿಸುತ್ತವೆ. ತಿದ್ದುವ ಸರ್ಕ್ಯೂಟ್ ಚಾಲೂ ಮಾಡಿದೊಡನೆ ನಿಂತುಬಿಡುತ್ತವೆ. ಹುಡುಗರು ಬೇಕೆಂದೇ ಮೇಜು ತಟ್ಟುತ್ತಾರೆ, ನಾನೂ ತಡೆಯುವುದಿಲ್ಲ. ನಂಬಿಕೆ ಬರುವುದು ಆಗಲೇ. ಹಲವು ದೂರದರ್ಶಕಗಳ ಬೆಳಕನ್ನು ಕೂಡಿಸುವ ಚಿಲಿಯ ಪರನಾಲ್ ವೀಕ್ಷಣಾಲಯದಲ್ಲಂತೂ ಭೂಮಿ ತಿರುಗಿದಂತೆ ಹಾದಿಗಳ ವ್ಯತ್ಯಾಸ ಮೀಟರುಗಟ್ಟಲೆ ಬದಲಾಗುತ್ತದೆ. ಸುರಂಗದ ಹಳಿಗಳ ಮೇಲೆ ಕನ್ನಡಿ ಹೊತ್ತ ಗಾಡಿಗಳು ಓಡಿ ಅದನ್ನು ಸರಿದೂಗಿಸುತ್ತವೆ.

2024ರ ಡಿಸೆಂಬರ್ 5ರಂದು ಪಿಎಸ್ಎಲ್‌ವಿ ಹಾರಿಸಿದ, ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಪ್ರೋಬಾ-3ರ ಜೋಡಿ ನೌಕೆಗಳು ಸುಮಾರು 150 ಮೀಟರ್ ಅಂತರವನ್ನು ಮಿಲಿಮೀಟರ್ ಮಟ್ಟದಲ್ಲಿ ಕಾಯ್ದುಕೊಂಡು ಸೂರ್ಯನ ಹೊರ ವಾತಾವರಣವಾದ ಕರೋನಾವನ್ನು ಚಿತ್ರಿಸಿವೆ. ಇದರಿಂದ ‘ಲೈಫ್’ ಸಾಧ್ಯವೆಂದು ರುಜುವಾತಾಯಿತು ಎನ್ನಲಾರೆ. ಅತಿಶೀತದಲ್ಲಿ ನಕ್ಷತ್ರದ ಬೆಳಕನ್ನು ಅಳಿಸುವ ಉಪಕರಣ ಇನ್ನೂ ಪ್ರಯೋಗಾಲಯದಲ್ಲೇ ಪಳಗಬೇಕಿದೆ. ಅನುಮಾನಪಡುವವರು ಇಂಧನದ ಬಗ್ಗೆ ಕೇಳಲಿ. ವೀಕ್ಷಣೆಯುದ್ದಕ್ಕೂ ನೌಕೆಗಳ ಗುಂಪು ಸುತ್ತುತ್ತಲೇ ಇರಬೇಕು, ಒಂದು ನಕ್ಷತ್ರ ಮುಗಿದ ಮೇಲೆ ಐದೂ ಮುಂದಿನದರತ್ತ ಹೊರಳಬೇಕು. ಹೀಗೆ ಎಷ್ಟು ನಕ್ಷತ್ರಗಳವರೆಗೆ ಇಂಧನ ಸಾಕಾದೀತು ಎಂಬುದು ನಿಜಕ್ಕೂ ಕಠಿಣ ಪ್ರಶ್ನೆ.