ಟೂರಿನಲ್ಲಿ ಮಾಡಿದ ಎಡಿಟ್ ಮನೆಯ ಕ್ಯಾಟಲಾಗ್‌ಗೆ ಸೇರಿಸುವುದು ಹೇಗೆ?

ಪ್ರಶ್ನೆ: “ಸರ್, ನಾನು ದಾವಣಗೆರೆಯವನು. ಮನೆಯಲ್ಲಿ ಡೆಸ್ಕ್‌ಟಾಪ್, ಓಡಾಟಕ್ಕೆ ಲ್ಯಾಪ್‌ಟಾಪ್, ಎರಡರಲ್ಲೂ ಫೋಟೋ ಜೋಡಿಸಿಟ್ಟು ಎಡಿಟ್ ಮಾಡುವ ಲೈಟ್‌ರೂಮ್ ಕ್ಲಾಸಿಕ್ ಇದೆ. ಮುಂದಿನ ತಿಂಗಳು ಹಿಮಾಚಲದ ಸ್ಪಿತಿ ಕಡೆ ಹೊರಟಿದ್ದೇನೆ. ಅಲ್ಲಿ ತೆಗೆದ ಫೋಟೋಗಳನ್ನು ರಾತ್ರಿ ರೂಮಿಗೆ ಬಂದ ಮೇಲೆ ಲ್ಯಾಪ್‌ಟಾಪಿನಲ್ಲೇ ಆರಿಸಿ ಎಡಿಟ್ ಮಾಡೋಣ ಅಂತ. ಜೊತೆಗೆ ಈ ಮಳೆಗಾಲದಲ್ಲಿ ಚಿತ್ರದುರ್ಗ ಕೋಟೆಯಲ್ಲಿ ತೆಗೆದ ಒಂದು ರಾಶಿ ಫೋಟೋ ಡೆಸ್ಕ್‌ಟಾಪಿನಲ್ಲಿ ಅರ್ಧಂಬರ್ಧ ಎಡಿಟ್ ಆಗಿ ಬಿದ್ದಿವೆ, ಅವನ್ನೂ ಹೋಗ್ತಾ ಬರ್ತಾ ಮುಗಿಸಬೇಕು. ವಾಪಸ್ ಬಂದ ಮೇಲೆ ಎಲ್ಲವೂ ಮನೆಯ ಕ್ಯಾಟಲಾಗ್‌ನಲ್ಲಿ ಇರಬೇಕು, ಮಾಡಿದ ಕೆಲಸ ಹೋಗಬಾರದು. ಹೇಗೆ?”

ಉತ್ತರ: ಹೋಗುವುದಿಲ್ಲ, ಆರಾಮಾಗಿ ಹೋಗಿ ಬನ್ನಿ. ಆದರೆ ಒಂದು ವಿಷಯ ಗಮನಿಸಿ. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಕೆಲಸ ಸೇರಿಕೊಂಡಿವೆ. ಸ್ಪಿತಿಯ ಫೋಟೋಗಳನ್ನು ಮನೆಯ ಕ್ಯಾಟಲಾಗ್ ಇನ್ನೂ ನೋಡಿಯೇ ಇಲ್ಲ. ಕೋಟೆಯ ಫೋಟೋಗಳು ಈಗಾಗಲೇ ಅದರಲ್ಲಿವೆ, ಅವುಗಳ ಎಡಿಟ್ ಮಾತ್ರ ಲ್ಯಾಪ್‌ಟಾಪಿಗೆ ಹೋಗಿ ವಾಪಸ್ ಬರಬೇಕು. ಇವೆರಡನ್ನೂ ಒಂದೇ ಅಂದುಕೊಂಡವರೇ ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರುವುದು.

ಮೊದಲು ಕ್ಯಾಟಲಾಗ್ ಅಂದರೆ ಏನು ಅಂತ ನೋಡೋಣ. ನಮ್ಮ ಎಪಿಎಂಸಿ ಮಂಡಿಯಲ್ಲಿ ಲೆಕ್ಕದ ಪುಸ್ತಕ ಇರುತ್ತದಲ್ಲ, ಯಾರ ಮೆಕ್ಕೆಜೋಳ ಎಷ್ಟು ಚೀಲ, ಯಾವ ಗೋಡೌನಿನಲ್ಲಿದೆ ಅಂತ ಎಲ್ಲ ಬರೆದಿರುತ್ತಾರೆ, ಆದರೆ ಪುಸ್ತಕದೊಳಗೆ ಒಂದು ಕಾಳೂ ಇರುವುದಿಲ್ಲ. ಕ್ಯಾಟಲಾಗ್ ಕೂಡ ಹಾಗೇ. ಎಲ್‌ಆರ್‌ಕ್ಯಾಟ್ ಅನ್ನುವ ಎಕ್ಸ್‌ಟೆನ್ಷನ್ ಇರುವ ಆ ಫೈಲ್ ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್. ಯಾವ ಫೋಟೋ ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿದೆ, ಎಷ್ಟು ಸ್ಟಾರ್ ಕೊಟ್ಟಿದ್ದೀರಿ, ಎಕ್ಸ್‌ಪೋಷರ್ ಎಷ್ಟು ಏರಿಸಿದ್ದೀರಿ, ಎಲ್ಲ ಅದರಲ್ಲಿದೆ. ಫೋಟೋ ಮಾತ್ರ ಇಲ್ಲ. ಹಾಗಾಗಿ ಲ್ಯಾಪ್‌ಟಾಪಿನ ಕ್ಯಾಟಲಾಗ್ ಫೈಲನ್ನು ಪೆನ್‌ಡ್ರೈವಿನಲ್ಲಿ ತಂದು ಡೆಸ್ಕ್‌ಟಾಪಿನ ಫೈಲಿನ ಮೇಲೆ ಪೇಸ್ಟ್ ಮಾಡಿದರೆ ಎರಡೂ ಸೇರಿಕೊಳ್ಳುವುದಿಲ್ಲ. ಮನೆಯದು ಅಳಿಸಿ ಹೋಗುತ್ತದೆ, ಅಷ್ಟೇ.

ಸೇರಿಸುವ ಕೆಲಸವನ್ನು ಲೈಟ್‌ರೂಮೇ ಮಾಡಬೇಕು. ಅದಕ್ಕೆ ಹೊರಡುವ ಮೊದಲೇ ಸ್ವಲ್ಪ ತಯಾರಿ ಬೇಕು.

ಕೋಟೆಯಿಂದ ಶುರು ಮಾಡೋಣ. ಡೆಸ್ಕ್‌ಟಾಪಿನಲ್ಲಿ ಆ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅದೊಂದನ್ನೇ ಬೇರೆ ಕ್ಯಾಟಲಾಗ್ ಆಗಿ ಎಕ್ಸ್‌ಪೋರ್ಟ್ ಮಾಡುವ ಆಯ್ಕೆ ಸಿಗುತ್ತದೆ. ಆಗ ಬರುವ ಕಿಟಕಿಯಲ್ಲಿ ‘ಎಕ್ಸ್‌ಪೋರ್ಟ್ ನೆಗೆಟಿವ್ ಫೈಲ್ಸ್’ (ನೆಗೆಟಿವ್ ಅಂದರೆ ಮೂಲ ಫೋಟೋ ಫೈಲ್) ಎದುರಿನ ಟಿಕ್ ತೆಗೆಯಿರಿ, ಸ್ಮಾರ್ಟ್ ಪ್ರಿವ್ಯೂ ಸೇರಿಸುವ ಸಾಲಿಗೆ ಟಿಕ್ ಹಾಕಿ. ಸ್ಮಾರ್ಟ್ ಪ್ರಿವ್ಯೂ ಅಂದರೆ ರಾ ಫೈಲಿನ (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಮೂಲ ಫೈಲ್) ಚಿಕ್ಕ ರೂಪ, ಉದ್ದದ ಬದಿ 2560 ಪಿಕ್ಸೆಲ್. 24 ಮೆಗಾಪಿಕ್ಸೆಲ್ ಕ್ಯಾಮೆರಾದ ರಾ ಫೈಲ್ 25ರಿಂದ 30 ಎಂಬಿ ಬಂದರೆ ಇದು ಒಂದು ಎಂಬಿ ಆಸುಪಾಸು. ಇಡೀ ಕೋಟೆ ಲ್ಯಾಪ್‌ಟಾಪಿನ ಒಂದು ಮೂಲೆಯಲ್ಲಿ ಕೂರುತ್ತದೆ.

ಈ ಚಿಕ್ಕ ರೂಪದ ಮೇಲೆ ಏನು ಮಾಡಬಹುದು, ಏನು ಮಾಡಬಾರದು ಅನ್ನುವುದು ಮುಖ್ಯ. ಓಬವ್ವನ ಕಿಂಡಿಯ ಒಳಗಿನಿಂದ ಹೊರಗಡೆಗೆ ತೆಗೆದ ಫೋಟೋ ಒಂದಾದರೂ ಇದ್ದೇ ಇರುತ್ತದೆ ನಿಮ್ಮ ಹತ್ತಿರ, ದುರ್ಗಕ್ಕೆ ಹೋದವರು ಯಾರೂ ಅದನ್ನು ಬಿಟ್ಟು ಬರುವುದಿಲ್ಲ. ಒಳಗೆ ಕಲ್ಲು ಕಪ್ಪು, ಹೊರಗೆ ಆಕಾಶ ಬೆಳ್ಳಗೆ. ಶ್ಯಾಡೋ ಎತ್ತುವುದು, ಹೈಲೈಟ್ ಇಳಿಸುವುದು, ಕ್ರಾಪ್, ಬಣ್ಣ, ಮಾಸ್ಕ್ (ಚಿತ್ರದ ಒಂದು ಭಾಗಕ್ಕೆ ಮಾತ್ರ ಮಾಡುವ ಎಡಿಟ್), ಎಲ್ಲವನ್ನೂ ಸ್ಮಾರ್ಟ್ ಪ್ರಿವ್ಯೂ ಮೇಲೆ ಮಾಡಬಹುದು. ಆದರೆ ಶ್ಯಾಡೋ ಎತ್ತಿದಾಗ ಆ ಕಲ್ಲಿನ ಮೇಲೆ ನಾಯ್ಸ್, ಅಂದರೆ ಕಾಳುಕಾಳು ಚುಕ್ಕೆ, ಎಷ್ಟು ಎದ್ದಿದೆ ಅನ್ನುವುದು ಅಲ್ಲಿ ನಿಜವಾಗಿ ಕಾಣುವುದಿಲ್ಲ, ಯಾಕೆಂದರೆ ನೀವು ನೋಡುತ್ತಿರುವುದು ಕುಗ್ಗಿಸಿದ ಚಿತ್ರ. ಆ ಚುಕ್ಕೆ ತೆಗೆಯುವ ಎಐ ಡಿನಾಯ್ಸ್‌ಗೆ ಮೂಲ ರಾ ಫೈಲೇ ಬೇಕು. ಶಾರ್ಪ್‌ನೆಸ್, ನಾಯ್ಸ್, ದೊಡ್ಡ ಪ್ರಿಂಟಿನ ಎಕ್ಸ್‌ಪೋರ್ಟ್, ಇವನ್ನು ಮನೆಗೆ ಬಂದ ಮೇಲೆ ಇಟ್ಟುಕೊಳ್ಳಿ.

ಎಕ್ಸ್‌ಪೋರ್ಟ್ ಆದ ಇಡೀ ಫೋಲ್ಡರನ್ನು ಲ್ಯಾಪ್‌ಟಾಪಿಗೆ ಕಾಪಿ ಮಾಡಿ. ಎಲ್‌ಆರ್‌ಕ್ಯಾಟ್ ಫೈಲ್ ಒಂದನ್ನೇ ಎತ್ತಿಕೊಂಡು ಹೋಗಬೇಡಿ. 2021ರಲ್ಲಿ ಬಂದ 11ನೇ ಆವೃತ್ತಿಯಿಂದ ಅದರ ಪಕ್ಕದಲ್ಲಿ ‘ಎಲ್‌ಆರ್‌ಕ್ಯಾಟ್-ಡೇಟಾ’ ಅನ್ನುವ ಜೊತೆಗಾರ ಇರುತ್ತಾನೆ. ಆಕಾಶ, ಮನುಷ್ಯ ಅಂತ ಲೈಟ್‌ರೂಮ್ ತಾನೇ ಗುರುತಿಸಿ ಹಾಕಿದ ಮಾಸ್ಕ್‌ಗಳ ಮಾಹಿತಿ ಅವನ ಹತ್ತಿರ ಇರುತ್ತದೆ. ಅವನನ್ನು ಬಿಟ್ಟು ಬಂದರೆ ಆ ಮಾಸ್ಕ್‌ಗಳ ಕಥೆ ಮುಗಿಯಿತು.

ಕಾಪಿ ಆದ ಮೇಲೆ ಮನೆಯಲ್ಲಿ ಇರುವಾಗಲೇ ಲ್ಯಾಪ್‌ಟಾಪಿನಲ್ಲಿ ಒಮ್ಮೆ ತೆರೆದು ನೋಡಿ. ಎಡಿಟ್ ಮಾಡುವ ‘ಡೆವಲಪ್’ ಭಾಗಕ್ಕೆ ಹೋದರೆ ಹಿಸ್ಟೋಗ್ರಾಮಿನ ಕೆಳಗೆ ‘ಸ್ಮಾರ್ಟ್ ಪ್ರಿವ್ಯೂ’ ಅಂತ ಸಣ್ಣಕ್ಷರದಲ್ಲಿ ಬರಬೇಕು. ಬಂದಿಲ್ಲ, ಸ್ಲೈಡರ್‌ಗಳೂ ಅಲ್ಲಾಡುತ್ತಿಲ್ಲ ಅಂದರೆ ಆ ಟಿಕ್ ಮರೆತಿದ್ದೀರಿ. ಇದು ದಾವಣಗೆರೆಯಲ್ಲೇ ಗೊತ್ತಾದರೆ ಐದು ನಿಮಿಷದ ಕೆಲಸ, ಸ್ಪಿತಿಯ ಕಾಜಾದ ಹೋಮ್‌ಸ್ಟೇಯಲ್ಲಿ ಗೊತ್ತಾದರೆ ಮಾಡುವುದಕ್ಕೆ ಏನೂ ಇಲ್ಲ. ಎರಡೂ ಕಡೆ ಲೈಟ್‌ರೂಮಿನ ಆವೃತ್ತಿ ಒಂದೇ ಇದೆಯಾ ಅಂತಲೂ ನೋಡಿಕೊಳ್ಳಿ. ದಾರಿಯಲ್ಲಿ ವೈಫೈ ಸಿಕ್ಕಿತು ಅಂತ ಲ್ಯಾಪ್‌ಟಾಪನ್ನು ದೊಡ್ಡ ಹೊಸ ಆವೃತ್ತಿಗೆ ಏರಿಸಿದರೆ ಕ್ಯಾಟಲಾಗ್ ಕೂಡ ಹೊಸ ರೂಪಕ್ಕೆ ಹೋಗಬಹುದು, ಹೋದರೆ ಹಳೆಯ ಆವೃತ್ತಿ ಅದನ್ನು ತೆರೆಯುವುದಿಲ್ಲ. ಅಪ್‌ಡೇಟ್ ಮಾಡುವುದಿದ್ದರೆ ಹೊರಡುವ ಮುಂಚೆ ಎರಡರಲ್ಲೂ ಮಾಡಿ, ಇಲ್ಲ ಅಂದರೆ ವಾಪಸ್ ಬಂದ ಮೇಲೆ ಮಾಡಿ. ಲೈಸೆನ್ಸ್ ಬಗ್ಗೆ ಯೋಚನೆ ಬೇಡ, ಒಂದೇ ಅಕೌಂಟಿನಲ್ಲಿ ಎರಡು ಕಂಪ್ಯೂಟರಿಗೆ ಸೈನ್ ಇನ್ ಆಗಬಹುದು.

ಇನ್ನು ಸ್ಪಿತಿ. ಅದಕ್ಕೆ ಬೇರೆ ಕ್ಯಾಟಲಾಗ್ ಮಾಡಬೇಡಿ. ಕೋಟೆಯ ಫೋಟೋಗಳಿರುವ ಅದೇ ಚಿಕ್ಕ ಕ್ಯಾಟಲಾಗ್ ತೆರೆದು, ಸ್ಪಿತಿಯ ಫೋಟೋಗಳನ್ನೂ ಅದರೊಳಗೇ ಇಂಪೋರ್ಟ್ ಮಾಡುತ್ತಾ ಹೋಗಿ. ಇದೇ ಟೂರಿನ ಕ್ಯಾಟಲಾಗ್. ಹಾಗೆ ಮಾಡಿದರೆ ಬಂದ ಮೇಲೆ ಸೇರಿಸುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ರಾ ಫೈಲುಗಳನ್ನು ಒಂದು ಹೊರಗಿನ ಎಸ್‌ಎಸ್‌ಡಿಗೆ ಹಾಕಿ, ‘ಸ್ಪಿತಿ’ ಅಂತ ಒಂದು ಫೋಲ್ಡರ್, ಒಳಗೆ ದಿನಕ್ಕೊಂದು ಫೋಲ್ಡರ್. ಇಂಪೋರ್ಟ್ ಮಾಡುವಾಗಲೇ ಫೈಲಿಗೆ ತಾರೀಖು ಸೇರಿಸಿ ಹೆಸರಿಡಿ. ಕ್ಯಾಮೆರಾದ ನಂಬರ್ 9999 ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಮನೆಯಲ್ಲಿ ಅದೇ ಹೆಸರಿನ ಹಳೆಯ ಫೈಲ್ ಇರುವ ಸಾಧ್ಯತೆ ಇದ್ದೇ ಇದೆ.

ಟೂರಿನಲ್ಲಿ ಎರಡೇ ನಿಯಮ. ಫೋಲ್ಡರ್ ಹೆಸರು ಬದಲಿಸುವುದು, ಫೈಲ್ ಅತ್ತಿತ್ತ ಮಾಡುವುದು ಏನಿದ್ದರೂ ಲೈಟ್‌ರೂಮ್ ಒಳಗಿಂದ ಮಾಡಿ, ವಿಂಡೋಸ್ ಎಕ್ಸ್‌ಪ್ಲೋರರಿನಲ್ಲಿ ಬೇಡ. ಮಾಡಿದರೆ ಫೋಲ್ಡರಿನ ಮೇಲೆ ಪ್ರಶ್ನಾರ್ಥಕ ಚಿಹ್ನೆ ಬಂದು ಕೂರುತ್ತದೆ. ಇನ್ನೊಂದು, ನೀವು ಊರಲ್ಲಿ ಇಲ್ಲದಾಗ ಡೆಸ್ಕ್‌ಟಾಪಿನಲ್ಲಿ ಕೋಟೆಯ ಫೋಟೋಗಳನ್ನು ಯಾರೂ ಮುಟ್ಟಬಾರದು. ತಮ್ಮನೋ ಸ್ಟುಡಿಯೋದ ಹುಡುಗನೋ ಇದ್ದರೆ ಹೇಳಿಯೇ ಹೋಗಿ. ಒಂದೇ ಫೋಟೋವನ್ನು ಎರಡೂ ಕಡೆ ಎಡಿಟ್ ಮಾಡಿದರೆ ಲೈಟ್‌ರೂಮ್ ಅರ್ಧ ಅದರದು ಅರ್ಧ ಇದರದು ಅಂತ ಸೇರಿಸಿ ಕೊಡುವುದಿಲ್ಲ. ಒಂದನ್ನು ಇಟ್ಟು ಇನ್ನೊಂದನ್ನು ಬಿಡುತ್ತದೆ.

ಈಗ ವಾಪಸ್ ಬಂದಿರಿ. ಸ್ನಾನ ಮಾಡಿ, ಬೆಣ್ಣೆ ದೋಸೆ ತಿಂದು, ಆಮೇಲೆ ಕೂರಿ, ಇದು ಆತುರದ ಕೆಲಸ ಅಲ್ಲ.

ಲ್ಯಾಪ್‌ಟಾಪಿನಲ್ಲಿ ಲೈಟ್‌ರೂಮ್ ಪೂರ್ತಿ ಮುಚ್ಚಿ, ಟೂರಿನ ಕ್ಯಾಟಲಾಗ್ ಫೋಲ್ಡರನ್ನು ಎಸ್‌ಎಸ್‌ಡಿಗೆ ಕಾಪಿ ಮಾಡಿ. ಅದರೊಳಗೆ ‘ಲಾಕ್’ ಅನ್ನುವ ಫೈಲ್ ಇನ್ನೂ ಕಾಣುತ್ತಿದ್ದರೆ ಲೈಟ್‌ರೂಮ್ ಸರಿಯಾಗಿ ಮುಚ್ಚಿಲ್ಲ ಅಂತ. ಡೆಸ್ಕ್‌ಟಾಪಿನಲ್ಲಿ ಮನೆಯ ಕ್ಯಾಟಲಾಗ್‌ನ ಬ್ಯಾಕಪ್ ಮೊದಲು ತೆಗೆಯಿರಿ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಡೇಟಾಬೇಸಿಗೆ ಬರೆಯುವ ಹೊತ್ತಿನಲ್ಲಿ ಕರೆಂಟ್ ಹೋದರೆ ಕ್ಯಾಟಲಾಗ್ ಕೆಡಬಹುದು. ಆಮೇಲೆ ಎಸ್‌ಎಸ್‌ಡಿ ಚುಚ್ಚಿ, ಮನೆಯ ಕ್ಯಾಟಲಾಗ್ ತೆರೆದು, ಫೈಲ್ ಮೆನುವಿನಲ್ಲಿ ‘ಇಂಪೋರ್ಟ್ ಫ್ರಮ್ ಅನದರ್ ಕ್ಯಾಟಲಾಗ್’ ಒತ್ತಿ ಟೂರಿನ ಎಲ್‌ಆರ್‌ಕ್ಯಾಟ್ ಫೈಲ್ ತೋರಿಸಿ.

ಬರುವ ಕಿಟಕಿಯಲ್ಲಿ ಎರಡು ಭಾಗ ಇರುತ್ತವೆ, ನಿಮ್ಮ ಎರಡು ಕೆಲಸಕ್ಕೂ ಒಂದೊಂದು. ‘ನ್ಯೂ ಫೋಟೋಸ್’ ಭಾಗ ಸ್ಪಿತಿಗೆ. ಅಲ್ಲಿ ಫೋಟೋಗಳನ್ನು ಇದ್ದಲ್ಲೇ ಬಿಟ್ಟು ಸೇರಿಸು ಅನ್ನುವ ಆಯ್ಕೆಯೂ ಇದೆ, ಹೊಸ ಜಾಗಕ್ಕೆ ಕಾಪಿ ಮಾಡಿ ಸೇರಿಸು ಅನ್ನುವ ಆಯ್ಕೆಯೂ ಇದೆ. ಎರಡನೆಯದನ್ನು ಆರಿಸಿ, ಡೆಸ್ಕ್‌ಟಾಪಿನಲ್ಲಿ ನೀವು ಫೋಟೋ ಇಡುವ ಡ್ರೈವನ್ನು ತೋರಿಸಿ. ಮೊದಲನೆಯದನ್ನು ಆರಿಸಿದರೆ ಆ ಎಸ್‌ಎಸ್‌ಡಿ ಕಿತ್ತ ಕೂಡಲೇ ಸ್ಪಿತಿಯ ಮೂಲ ಫೈಲುಗಳು ‘ಸಿಗುತ್ತಿಲ್ಲ’ ಅಂತ ಬರಲು ಶುರು.

‘ಚೇಂಜ್ಡ್ ಎಕ್ಸಿಸ್ಟಿಂಗ್ ಫೋಟೋಸ್’ ಭಾಗ ಕೋಟೆಗೆ. ‘ರಿಪ್ಲೇಸ್’ ಎದುರಿಗೆ ‘ಮೆಟಾಡೇಟಾ ಅಂಡ್ ಡೆವಲಪ್ ಸೆಟ್ಟಿಂಗ್ಸ್ ಓನ್ಲಿ’ ಅಂತ ಆರಿಸಿ. ಅದರ ಕೆಳಗೆ ಹಳೆಯ ಸೆಟ್ಟಿಂಗನ್ನು ವರ್ಚುವಲ್ ಕಾಪಿಯಾಗಿ (ಅದೇ ಫೈಲಿನ ಇನ್ನೊಂದು ಎಡಿಟ್ ಆಗಿ) ಉಳಿಸಿಕೊಳ್ಳುವ ಒಂದು ಟಿಕ್ ಇದೆ. ಡೆಸ್ಕ್‌ಟಾಪಿನಲ್ಲಿ ಯಾರೂ ಮುಟ್ಟಿಲ್ಲ ಅಂತ ಗ್ಯಾರಂಟಿ ಇದ್ದರೆ ಬೇಡ, ಸುಮ್ನೆ ಒಂದಕ್ಕೆರಡು ಫೋಟೋ ಆಗುತ್ತವೆ. ಅನುಮಾನ ಇದ್ದರೆ ಹಾಕಿ, ಆಮೇಲೆ ನೋಡಿ ಅಳಿಸಬಹುದು. ಕೋಟೆಯ ಫೋಟೋಗಳು ಈ ಭಾಗದಲ್ಲಿ ಬಾರದೆ ‘ನ್ಯೂ’ ಲೆಕ್ಕದಲ್ಲಿ ಬಂದಿದ್ದರೆ ಮುಂದೆ ಹೋಗಬೇಡಿ. ಮಧ್ಯೆ ಯಾರೋ ಫೋಲ್ಡರ್ ಹೆಸರೋ ಜಾಗವೋ ಬದಲಿಸಿರುವ ಸಾಧ್ಯತೆಯೇ ಜಾಸ್ತಿ. ಕ್ಯಾನ್ಸಲ್ ಒತ್ತಿ, ಅದನ್ನು ಮೊದಲಿನಂತೆ ಮಾಡಿ, ಮತ್ತೆ ಶುರು ಮಾಡಿ.

ಮುಗಿದ ಮೇಲೆ ಲೈಬ್ರರಿ ಮೆನುವಿನಲ್ಲಿ ‘ಫೈಂಡ್ ಆಲ್ ಮಿಸ್ಸಿಂಗ್ ಫೋಟೋಸ್’ ಒಮ್ಮೆ ಓಡಿಸಿ. ನಾಲ್ಕಾರು ಫೋಟೋ ತೆರೆದು, ಟೂರಿನಲ್ಲಿ ಹಾಕಿದ ಮಾಸ್ಕ್ ಅಲ್ಲೇ ಇದೆಯಾ ಅಂತ ನೋಡಿ.

ಎಡಿಟ್, ಸ್ಟಾರ್, ಕೀವರ್ಡ್, ಫೋಟೋ ಹಾಕಿಟ್ಟ ಕಲೆಕ್ಷನ್ ಎಲ್ಲ ಬರುತ್ತವೆ. ಫೋಟೋಗಳನ್ನು ನೇರವಾಗಿ ವೆಬ್‌ಸೈಟಿಗೆ ಕಳಿಸುವ ಪಬ್ಲಿಷ್ ಸರ್ವಿಸ್‌ನ ಸೆಟ್ಟಿಂಗ್ ಬರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಹೊಸದಾಗಿ ಹಾಕಿಕೊಂಡ ಪ್ರಿಸೆಟ್‌ಗಳೂ (ಒಂದೇ ಕ್ಲಿಕ್ಕಿಗೆ ಹಾಕಲು ಉಳಿಸಿಟ್ಟ ಎಡಿಟ್ ಸೆಟ್ಟಿಂಗ್‌ಗಳು) ಸಾಮಾನ್ಯವಾಗಿ ಬರುವುದಿಲ್ಲ, ಅವು ಕ್ಯಾಟಲಾಗ್‌ನ ಹೊರಗೆ ಇರುತ್ತವೆ, ಅವನ್ನು ಬೇರೆಯಾಗಿ ತರಬೇಕು.

ಕೀವರ್ಡ್ ಬಗ್ಗೆ ಮಾತ್ರ ಎರಡು ಮಾತು ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಒಂದೊಂದು ಜಾಗಕ್ಕೂ ಎರಡೆರಡು ಹೆಸರು. ಮನೆಯಲ್ಲಿ ‘ವಾಣಿವಿಲಾಸ ಸಾಗರ’ ಅಂತ ಹಾಕಿರುತ್ತೀರಿ, ಬಸ್ಸಿನಲ್ಲಿ ಕೂತು ‘ಮಾರಿಕಣಿವೆ’ ಅಂತ ಟೈಪ್ ಮಾಡಿರುತ್ತೀರಿ. ಒಂದು ಕಡೆ ಶಾಂತಿಸಾಗರ, ಇನ್ನೊಂದು ಕಡೆ ಸೂಳೆಕೆರೆ. ದುರ್ಗ, ಚಿತ್ರದುರ್ಗ, ದುರ್ಗದ ಕೋಟೆ. ಲೈಟ್‌ರೂಮಿಗೆ ಇವೆಲ್ಲ ಬೇರೆ ಬೇರೆ ಊರು. ಹೊರಡುವ ಮುಂಚೆ ಮೆಟಾಡೇಟಾ ಮೆನುವಿನಿಂದ ಮನೆಯ ಕೀವರ್ಡ್ ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡಿ ಟೂರಿನ ಕ್ಯಾಟಲಾಗ್‌ಗೆ ಇಂಪೋರ್ಟ್ ಮಾಡಿಕೊಂಡರೆ, ನಾಲ್ಕಕ್ಷರ ಒತ್ತುವಷ್ಟರಲ್ಲಿ ಹಳೆಯ ಹೆಸರೇ ಮುಂದೆ ಬರುತ್ತದೆ.

“ಇಷ್ಟೆಲ್ಲ ಯಾಕೆ, ಕ್ಯಾಟಲಾಗನ್ನೇ ಗೂಗಲ್ ಡ್ರೈವ್ ಫೋಲ್ಡರಿಗೆ ಹಾಕಿ ಎರಡೂ ಕಡೆ ತೆರೆದರೆ ಆಗಲ್ವಾ?” ಅಂತ ಕೇಳುವವರೂ ಇದ್ದಾರೆ. ಬೇಡ. ಲೈಟ್‌ರೂಮ್ ಕ್ಲಾಸಿಕ್ ಕ್ಯಾಟಲಾಗನ್ನು ಒಂದು ಹೊತ್ತಿಗೆ ಒಂದು ಕಂಪ್ಯೂಟರ್ ಮಾತ್ರ ತೆರೆಯಬೇಕು. ಸಿಂಕ್ ಅರ್ಧ ಆಗಿರುವಾಗ ಇನ್ನೊಂದು ಕಡೆ ತೆರೆದರೆ ಒಂದೇ ಹೆಸರಿನ ಎರಡು ಫೈಲ್ ಹುಟ್ಟುತ್ತವೆ, ಯಾವುದು ನಿಜವಾದದ್ದು ಅಂತ ಹುಡುಕುವುದೇ ಕೆಲಸ.

ಅದಕ್ಕಿಂತ ವಾಸಿಯಾದ ದಾರಿ ಕ್ಯಾಟಲಾಗ್, ಫೋಟೋ ಎರಡನ್ನೂ ಒಂದೇ ಎಸ್‌ಎಸ್‌ಡಿಯಲ್ಲಿ ಇಟ್ಟುಕೊಂಡು ಎಲ್ಲಿ ಕೂತರೆ ಅಲ್ಲಿ ಚುಚ್ಚುವುದು. ಕ್ಯಾಟಲಾಗ್ ನೆಟ್‌ವರ್ಕ್ ಡ್ರೈವಿನಲ್ಲಿ ಇರಬಾರದು ನಿಜ, ಯುಎಸ್‌ಬಿ ಡ್ರೈವಿನಲ್ಲಿ ಇರಬಹುದು. ವಿಂಡೋಸ್‌ನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಆ ಡ್ರೈವಿಗೆ ಎರಡೂ ಕಂಪ್ಯೂಟರಿನಲ್ಲಿ ಒಂದೇ ಅಕ್ಷರ ಕೊಟ್ಟುಬಿಡಿ. ಹವ್ಯಾಸಕ್ಕೆ ಫೋಟೋ ತೆಗೆಯುವವರಿಗೆ ನಾನು ಇದನ್ನೇ ಹೇಳುವುದು, ಸೇರಿಸುವ ತಾಪತ್ರಯವೇ ಇಲ್ಲ. ಆದರೆ ವರ್ಷಗಟ್ಟಲೆ ಮದುವೆ, ಜಾತ್ರೆ ಅಂತ ಟಿಬಿಗಟ್ಟಲೆ ಕೂಡಿಹಾಕಿದವರು ಅಷ್ಟನ್ನೂ ಬ್ಯಾಗಿನಲ್ಲಿ ಹಾಕಿಕೊಂಡು ಬೆಟ್ಟ ಹತ್ತುವುದು ನನಗಂತೂ ಸರಿ ಕಾಣುವುದಿಲ್ಲ. ಡಾರ್ಕ್‌ಟೇಬಲ್ ಅನ್ನುವ ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಇನ್ನೂ ಸುಲಭ, ಅದು ಪ್ರತಿ ಫೋಟೋದ ಪಕ್ಕದಲ್ಲೇ ಎಡಿಟ್ ವಿವರ ಇರುವ ಎಕ್ಸ್‌ಎಂಪಿ ಫೈಲ್ ಬರೆಯುತ್ತದೆ, ಫೋಲ್ಡರ್ ಕಾಪಿ ಮಾಡಿ ಇಂಪೋರ್ಟ್ ಮಾಡಿದರೆ ಎಡಿಟ್ ಜೊತೆಗೇ ಬರುತ್ತದೆ. ಲೈಟ್‌ರೂಮ್ ಕೂಡ ಎಕ್ಸ್‌ಎಂಪಿ ಬರೆಯುತ್ತದೆ, ಆದರೆ ಕಲೆಕ್ಷನ್, ವರ್ಚುವಲ್ ಕಾಪಿ ಅದರಲ್ಲಿ ಹೋಗುವುದಿಲ್ಲ. ಅದನ್ನೇ ನಂಬಿಕೊಂಡು ಕ್ಯಾಟಲಾಗ್ ಬಿಟ್ಟು ಬರಬೇಡಿ.

ಸೇರಿಸಿ ಆದ ಮೇಲೂ ಲ್ಯಾಪ್‌ಟಾಪಿನ ಕ್ಯಾಟಲಾಗನ್ನು ಅವತ್ತೇ ಅಳಿಸಬೇಡಿ. ಫೋಲ್ಡರಿನ ಹೆಸರಿನ ಮುಂದೆ ‘ಸೇರಿಸಿದೆ’ ಅಂತ ಬರೆದಿಟ್ಟು, ಅದರಲ್ಲಿ ಹೊಸ ಎಡಿಟ್ ಮಾಡುವುದನ್ನು ನಿಲ್ಲಿಸಿ. ಡೆಸ್ಕ್‌ಟಾಪಿನ ಫೋಟೋ ಡ್ರೈವ್, ಮನೆಯ ಕ್ಯಾಟಲಾಗ್ ಎರಡೂ ನಿಮ್ಮ ಬ್ಯಾಕಪ್ ಡಿಸ್ಕಿಗೆ ಒಂದು ಸುತ್ತು ಹೋಗಿ ಬರಲಿ. ಲೈಟ್‌ರೂಮಿನ ಸ್ವಂತ ಬ್ಯಾಕಪ್‌ನಲ್ಲಿ ಫೋಟೋ ಇರುವುದಿಲ್ಲ, ಹಾಗಾಗಿ ಫೋಟೋಗಳ ಬ್ಯಾಕಪ್ ನೀವೇ ಮಾಡಿಕೊಳ್ಳಬೇಕು. ಅದಾದ ಮೇಲೆ ಲ್ಯಾಪ್‌ಟಾಪಿನದನ್ನು ಅಳಿಸಿ, ಎಸ್‌ಎಸ್‌ಡಿ ಖಾಲಿ ಮಾಡಿ, ಕ್ಯಾಮೆರಾ ಕಾರ್ಡ್‌ಗಳನ್ನು ಕೊನೆಯಲ್ಲಿ ಫಾರ್ಮ್ಯಾಟ್ ಮಾಡಿ.